ಸಿಎಸ್‌ಆರ್ ವರದಿಯೂ ಸಾಲದ ಬಡ್ಡಿಯೂ: ಪಿಯುಸಿ ವಾಣಿಜ್ಯ ತರಗತಿಗೆ ಮೂರು ಅವಧಿಗಳ ಪಾಠ

ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ವ್ಯವಹಾರದ ಸಾಮಾಜಿಕ ಜವಾಬ್ದಾರಿ ಎಂಬ ಅಧ್ಯಾಯವಿದೆ. ದ್ವಿತೀಯ ಪಿಯುಸಿಯಲ್ಲಿ ಹಣಕಾಸು ನಿರ್ವಹಣೆಯ ಅಧ್ಯಾಯವಿದೆ. ಮೊದಲನೆಯದರಲ್ಲಿ ಕಂಪನಿಯು ಸಮಾಜಕ್ಕೆ ಏನು ಮಾಡಬೇಕು ಎಂಬುದನ್ನು ವಿದ್ಯಾರ್ಥಿಗಳು ಓದುತ್ತಾರೆ. ಎರಡನೆಯದರಲ್ಲಿ ಕಂಪನಿಯು ಹಣವನ್ನು ಎಲ್ಲಿಂದ, ಎಷ್ಟು ವೆಚ್ಚದಲ್ಲಿ ತರುತ್ತದೆ ಎಂಬುದನ್ನು ಓದುತ್ತಾರೆ. ಎರಡೂ ಅಧ್ಯಾಯಗಳ ನಡುವೆ ಒಂದು ವರ್ಷದ ಅಂತರವಿದೆ, ಸೇತುವೆ ಇಲ್ಲ. ಆ ಸೇತುವೆಯನ್ನು ಕಟ್ಟುವ ಕೆಲಸ ಶಿಕ್ಷಕರದು.

ಈ ಉದ್ದೇಶದಿಂದ ನಮ್ಮ ಮಹಾವಿದ್ಯಾಲಯದ ವಾಣಿಜ್ಯ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳ ಮುಂದೆ ನಾನು ಒಂದು ಪ್ರಶ್ನೆ ಇಡುತ್ತ ಬಂದಿದ್ದೇನೆ. ಕಂಪನಿಯೊಂದು ತನ್ನ ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಬಹಿರಂಗಪಡಿಸುವ ಮಾಹಿತಿಯಿಂದ ಅದರ ಸಾಲದ ಬಡ್ಡಿಯೂ ಷೇರುದಾರರು ನಿರೀಕ್ಷಿಸುವ ಪ್ರತಿಫಲವೂ ತಗ್ಗುತ್ತವೆಯೆ? ತಗ್ಗುವುದಾದರೆ ಏಕೆ?

ಬಹುಪಾಲು ಪ್ರಶಿಕ್ಷಣಾರ್ಥಿಗಳ ಮೊದಲ ಉತ್ತರ ಒಂದೇ: "ಒಳ್ಳೆ ಕೆಲಸ ಮಾಡೋ ಕಂಪನಿಗೆ ಬ್ಯಾಂಕಿನವರು ಕಡಿಮೆ ಬಡ್ಡಿಗೆ ಸಾಲ ಕೊಡ್ತಾರೆ, ಸರ್." ಕೇಳಲು ಹಿತವಾದ ಉತ್ತರ ಇದು. ಆದರೆ ಇದು ನೀತಿಕಥೆಯ ತರ್ಕ, ಹಣಕಾಸಿನ ತರ್ಕವಲ್ಲ. ಇದನ್ನೇ ತರಗತಿಯಲ್ಲಿ ಕಲಿಸಿದರೆ, ನಾಳೆ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರುವ ಅಥವಾ ದುಡಿದ ಹಣವನ್ನು ಷೇರಿನಲ್ಲಿ ತೊಡಗಿಸುವ ವಿದ್ಯಾರ್ಥಿ ಬಣ್ಣದ ಚಿತ್ರಗಳಿರುವ ಯಾವುದೇ ವರದಿಯನ್ನು ಪ್ರಮಾಣಪತ್ರವೆಂದು ನಂಬುತ್ತಾನೆ. ಹಾಗಾಗಬಾರದೆಂದು ರೂಪಿಸಿದ ಮೂರು ಅವಧಿಗಳ ಪಾಠವನ್ನು ಇಲ್ಲಿ ವಿವರಿಸಿದ್ದೇನೆ. ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಇದನ್ನು ದ್ವಿತೀಯ ಪಿಯುಸಿ ತರಗತಿಗೆ ಬೋಧಿಸಿದರು. ನಾನು ಮೂರೂ ಅವಧಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕಿಸಿದೆ.

ಬೋಧನಾ ಉದ್ದೇಶಗಳು

ಪಾಠ ಮುಗಿದಾಗ ವಿದ್ಯಾರ್ಥಿಯು:

1. ಸಾಮಾಜಿಕ ಹೊಣೆಗಾರಿಕೆಗೆ ಹಣ ಖರ್ಚು ಮಾಡುವುದಕ್ಕೂ ಅದರ ಬಗ್ಗೆ ಮಾಹಿತಿ ಬಹಿರಂಗಪಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಹೇಳುವನು.
2. ಬಡ್ಡಿ ದರದಲ್ಲಿ ತಿಳಿದ ಅಪಾಯದ ಪಾಲನ್ನೂ ತಿಳಿಯದುದರ ಪಾಲನ್ನೂ ಬೇರ್ಪಡಿಸಿ ವಿವರಿಸುವನು.
3. ಕಂಪನಿ ಕಾಯ್ದೆಯ 135ನೇ ಪ್ರಕರಣದಂತೆ ಖರ್ಚಿನ ಮೊತ್ತವನ್ನು ಲೆಕ್ಕ ಹಾಕುವನು.
4. ವರದಿಯೊಂದನ್ನು ಕೊಟ್ಟಾಗ ಸಾಲ ಕೊಡುವವರ ದೃಷ್ಟಿಯಿಂದ ಅದಕ್ಕೆ ಪ್ರಶ್ನೆ ಕೇಳುವನು.

ನಾಲ್ಕನೆಯ ಉದ್ದೇಶವೇ ಈ ಪಾಠದ ಗುರಿ. ಉಳಿದ ಮೂರು ಅದಕ್ಕೆ ಮೆಟ್ಟಿಲುಗಳು.

ಮೊದಲ ಅವಧಿ: ಸಂಘದ ಪುಸ್ತಕದಿಂದ ಕಂಪನಿಯ ವರದಿಗೆ

ಕಂಪನಿಯ ಸಾಲದ ಪ್ರಪಂಚ ಹದಿನೇಳು ವರ್ಷದ ವಿದ್ಯಾರ್ಥಿಗೆ ದೂರದ್ದು. ಸ್ವಸಹಾಯ ಸಂಘದ ಸಾಲ ದೂರದ್ದಲ್ಲ. ಆದ್ದರಿಂದ ಪೂರ್ವಜ್ಞಾನದ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಲು ಸೂಚಿಸಿದ್ದೆ. "ನಿಮ್ಮ ಮನೆಯಲ್ಲಿ ಯಾರಾದರೂ ಸಂಘದಲ್ಲಿ ಇದ್ದಾರಾ?" ಎಂದು ಕೇಳಿದಾಗ ಮುಕ್ಕಾಲು ತರಗತಿ ಕೈ ಎತ್ತಿತು. ಮುಂದಿನ ಸಂಭಾಷಣೆಯನ್ನು ನನ್ನ ಅವಲೋಕನ ಪುಸ್ತಕದಿಂದ ಹಾಗೆಯೇ ಕೊಡುತ್ತೇನೆ.

"ಬ್ಯಾಂಕಿನವರು ಸಂಘಕ್ಕೆ ಸಾಲ ಕೊಡೋ ಮುಂಚೆ ಏನು ನೋಡ್ತಾರೆ?"
"ಪುಸ್ತಕ ನೋಡ್ತಾರೆ, ಮಿಸ್."
"ಪುಸ್ತಕದಲ್ಲಿ ಏನಿರುತ್ತೆ?"
"ಯಾರು ಎಷ್ಟು ಉಳಿತಾಯ ಕಟ್ಟಿದ್ದಾರೆ, ಯಾರು ಸಭೆಗೆ ಬಂದಿಲ್ಲ, ಯಾರದು ಕಂತು ಬಾಕಿ ಇದೆ, ಅದೆಲ್ಲ."
"ಊರ ಜಾತ್ರೆಯಲ್ಲಿ ಸಂಘದವರು ಅನ್ನದಾನ ಮಾಡಿದ್ರೆ ಅದನ್ನೂ ಕೇಳ್ತಾರಾ?"
ತರಗತಿ ನಕ್ಕಿತು. "ಅದನ್ಯಾಕೆ ಕೇಳ್ತಾರೆ, ಮಿಸ್?"

ಈ ನಗುವಿನಲ್ಲೇ ಪಾಠದ ತಿರುಳು ಇದೆ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ ಸಂಘಗಳಿಗೆ ಪಂಚಸೂತ್ರ ಎಂಬ ಐದು ನಿಯಮಗಳಿವೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ಸಂಘದೊಳಗೆ ಸಾಲ ವಿತರಣೆ, ಸಕಾಲದ ಮರುಪಾವತಿ ಮತ್ತು ಸರಿಯಾದ ಪುಸ್ತಕ ನಿರ್ವಹಣೆ. ಮೊದಲ ನಾಲ್ಕು ಸಂಘದ ನಡತೆ. ಐದನೆಯದು ಆ ನಡತೆ ಹೊರಗಿನವರಿಗೆ ಕಾಣುವಂತೆ ಮಾಡುವ ದಾಖಲೆ. ನಡತೆ ಚೆನ್ನಾಗಿದ್ದು ಪುಸ್ತಕ ಇಲ್ಲದಿದ್ದರೆ ಬ್ಯಾಂಕಿಗೆ ತಿಳಿಯುವುದಿಲ್ಲ. ಪುಸ್ತಕ ಅಚ್ಚುಕಟ್ಟಾಗಿದ್ದು ಮರುಪಾವತಿ ಇಲ್ಲದಿದ್ದರೆ ಅದೇ ಪುಸ್ತಕ ಸಂಘದ ವಿರುದ್ಧ ಸಾಕ್ಷಿಯಾಗುತ್ತದೆ. ಪ್ರಶಿಕ್ಷಣಾರ್ಥಿ ಇದನ್ನು ಉಪನ್ಯಾಸವಾಗಿ ಹೇಳದೆ ಪ್ರಶ್ನೆಗಳ ಮೂಲಕವೇ ಹೊರತಂದರು.

ಅನಂತರ ತರಗತಿಯನ್ನು ಆರು ಗುಂಪುಗಳಾಗಿ ಮಾಡಲಾಯಿತು. ಪ್ರತಿ ಗುಂಪೂ ಒಂದು ಬ್ಯಾಂಕಿನ ಸಾಲ ಸಮಿತಿ. ಪ್ರತಿ ಸಮಿತಿಗೂ ನಾವೇ ಸಿದ್ಧಪಡಿಸಿದ ಎರಡು ಕಾಲ್ಪನಿಕ ಕಡತಗಳು. 'ಅ' ಕಂಪನಿಯ ಕಡತದಲ್ಲಿ ಸಸಿ ನೆಡುವ ಚಿತ್ರ, ಆರೋಗ್ಯ ಶಿಬಿರದ ಚಿತ್ರ, ಪ್ರಶಸ್ತಿಯ ಚಿತ್ರ, ಅಧ್ಯಕ್ಷರ ಸಂದೇಶ. 'ಆ' ಕಂಪನಿಯ ಕಡತದಲ್ಲಿ ಎರಡು ಪುಟದ ಕೋಷ್ಟಕ: ಎರಡು ವರ್ಷಗಳ ನೀರಿನ ಬಳಕೆ, ಕಾರ್ಖಾನೆಯಲ್ಲಿ ನಡೆದ ಅಪಘಾತಗಳ ಸಂಖ್ಯೆ, ಸ್ಥಳೀಯರ ದೂರುಗಳಲ್ಲಿ ಇತ್ಯರ್ಥವಾದವು ಎಷ್ಟು, ಬಾಕಿ ಎಷ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬಂದ ಒಂದು ನೋಟಿಸು ಮತ್ತು ಅದಕ್ಕೆ ಕೈಗೊಂಡ ಕ್ರಮ. ಎರಡೂ ಕಂಪನಿಗಳ ಲಾಭ, ಆಸ್ತಿ, ಹಳೆಯ ಸಾಲ ಒಂದೇ. ಶೇ. 9ರಿಂದ ಶೇ. 11ರ ಒಳಗೆ ಬಡ್ಡಿ ದರ ನಿಗದಿ ಮಾಡುವುದು ಸಮಿತಿಯ ಕೆಲಸ.

ಮೊದಲ ಸುತ್ತಿನಲ್ಲಿ ಐದು ಗುಂಪುಗಳು 'ಅ' ಕಂಪನಿಗೆ ಕಡಿಮೆ ಬಡ್ಡಿ ಹಾಕಿದವು. ಆಗ ಪ್ರಶಿಕ್ಷಣಾರ್ಥಿ ಒಂದೇ ಸೂಚನೆ ಕೊಟ್ಟರು: "ಕಡತ ಓದಿದ ಮೇಲೆ, ಈ ಕಂಪನಿ ನಿಮ್ಮ ಸಾಲ ತೀರಿಸುತ್ತೋ ಇಲ್ಲವೋ ಅನ್ನೋದಕ್ಕೆ ಸಂಬಂಧಪಟ್ಟ ಮೂರು ಹೊಸ ಸಂಗತಿ ಬರೆಯಿರಿ." 'ಆ' ಕಂಪನಿಯ ಬಗ್ಗೆ ಎಲ್ಲರೂ ಬರೆದರು. 'ಅ' ಕಂಪನಿಯ ಬಗ್ಗೆ ಒಂದು ಗುಂಪಿನವರು "ಅಧ್ಯಕ್ಷರು ನಗುತ್ತಿದ್ದಾರೆ" ಎಂದು ಬರೆದು ತಾವೇ ನಕ್ಕರು. ಎರಡನೆಯ ಸುತ್ತಿನಲ್ಲಿ ಮೂರು ಗುಂಪುಗಳು ದರ ಬದಲಿಸಿದವು.

ಒಂದು ಗುಂಪು ಮಾತ್ರ ಒಪ್ಪಲಿಲ್ಲ. "ನೋಟಿಸು ಬಂದಿರೋ ಕಂಪನಿಗೆ ಯಾಕೆ ಕಡಿಮೆ ಬಡ್ಡಿ ಹಾಕಬೇಕು, ಮಿಸ್?" ಎಂದು ಕೇಳಿತು. ನ್ಯಾಯವಾದ ಆಕ್ಷೇಪಣೆ ಇದು. ಇದಕ್ಕೆ ಉತ್ತರವಾಗಿ ಕಪ್ಪುಹಲಗೆಯ ಮೇಲೆ ಬಂದ ಸೂತ್ರ ಹೀಗಿತ್ತು:

ಬಡ್ಡಿ ದರ = ಮೂಲ ದರ + ತಿಳಿದ ಅಪಾಯಕ್ಕೆ ಹೆಚ್ಚುವರಿ + ತಿಳಿಯದುದಕ್ಕೆ ಹೆಚ್ಚುವರಿ

ನೋಟಿಸಿನ ವಿಷಯ ಹೇಳಿದ್ದರಿಂದ 'ಆ' ಕಂಪನಿಗೆ ಎರಡನೆಯ ಪಾಲು ಹೆಚ್ಚಬಹುದು, ಮೂರನೆಯ ಪಾಲು ತಗ್ಗುತ್ತದೆ. 'ಅ' ಕಂಪನಿಗೆ ಎರಡನೆಯ ಪಾಲನ್ನು ಅಳೆಯಲು ಆಧಾರವೇ ಇಲ್ಲ, ಆದ್ದರಿಂದ ಮೂರನೆಯ ಪಾಲು ಹಾಗೆಯೇ ಉಳಿಯುತ್ತದೆ. ಮಾಹಿತಿ ಬಹಿರಂಗಪಡಿಸುವಿಕೆ ನೇರವಾಗಿ ಕೆಲಸ ಮಾಡುವುದು ಮೂರನೆಯ ಪಾಲಿನ ಮೇಲೆ. ಎರಡನೆಯ ಪಾಲನ್ನು ತಗ್ಗಿಸಲು ಕಂಪನಿಯ ನಡತೆಯೇ ಬದಲಾಗಬೇಕು. ಸಾಲ ಪಡೆಯುವವನಿಗೆ ಗೊತ್ತಿರುವುದು ಕೊಡುವವನಿಗೆ ಗೊತ್ತಿಲ್ಲದ ಈ ಸ್ಥಿತಿಗೆ ಮಾಹಿತಿ ಅಸಮತೆ ಎಂದು ಹೆಸರು. ಪಾರಿಭಾಷಿಕ ಪದ ಅವಧಿಯ ಕೊನೆಯಲ್ಲಿ ಬಂದದ್ದು ಒಳ್ಳೆಯದಾಯಿತು. ಅಷ್ಟರಲ್ಲಿ ವಿದ್ಯಾರ್ಥಿಗಳಿಗೆ ಸಂಗತಿ ತಿಳಿದಿತ್ತು, ಹೆಸರೊಂದೇ ಬೇಕಾಗಿತ್ತು.

ಎರಡನೆಯ ಅವಧಿ: ಖರ್ಚು ಬೇರೆ, ಬಹಿರಂಗಪಡಿಸುವಿಕೆ ಬೇರೆ

ಭಾರತದಲ್ಲಿ ಸಿಎಸ್‌ಆರ್ ಎಂದೊಡನೆ ನೆನಪಾಗುವುದು ಕಂಪನಿ ಕಾಯ್ದೆ 2013ರ 135ನೇ ಪ್ರಕರಣ. ಇದು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಆರ್ಥಿಕ ವರ್ಷದಲ್ಲಿ ₹500 ಕೋಟಿ ಅಥವಾ ಹೆಚ್ಚು ನಿವ್ವಳ ಮೌಲ್ಯ, ₹1000 ಕೋಟಿ ಅಥವಾ ಹೆಚ್ಚು ವಹಿವಾಟು, ₹5 ಕೋಟಿ ಅಥವಾ ಹೆಚ್ಚು ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದು ಇದ್ದ ಕಂಪನಿಗೆ ಇದು ಅನ್ವಯಿಸುತ್ತದೆ. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ನ್ನು ಕಾಯ್ದೆಯ ಏಳನೇ ಅನುಸೂಚಿಯ ಚಟುವಟಿಕೆಗಳಿಗೆ ಖರ್ಚು ಮಾಡಬೇಕು.

ಆರಂಭದಲ್ಲಿ, ಖರ್ಚು ಮಾಡದಿದ್ದರೆ ನಿರ್ದೇಶಕ ಮಂಡಳಿಯ ವರದಿಯಲ್ಲಿ ಕಾರಣ ಬರೆದರೆ ಸಾಕಾಗಿತ್ತು. 2021ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಖರ್ಚಾಗದೆ ಉಳಿದ ಹಣವನ್ನು ನಿಗದಿತ ನಿಧಿಗೋ ಪ್ರತ್ಯೇಕ ಖಾತೆಗೋ ವರ್ಗಾಯಿಸಲೇಬೇಕು, ತಪ್ಪಿದರೆ ದಂಡವಿದೆ.

ಲೆಕ್ಕ ಸರಳವಾಗಿರಲಿ. ಮೂರು ವರ್ಷಗಳ ನಿವ್ವಳ ಲಾಭ ₹40 ಕೋಟಿ, ₹50 ಕೋಟಿ, ₹60 ಕೋಟಿ. ಸರಾಸರಿ ₹50 ಕೋಟಿ. ಅದರ ಶೇ. 2 ಎಂದರೆ ₹1 ಕೋಟಿ. ಈ ಒಂದು ಕೋಟಿಯನ್ನು ಹಲಗೆಯ ಮೂಲೆಯಲ್ಲಿ ಅಳಿಸದೆ ಉಳಿಸಬೇಕು. ಮೂರನೆಯ ಅವಧಿಯಲ್ಲಿ ಅದು ಬೇಕಾಗುತ್ತದೆ.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. 135ನೇ ಪ್ರಕರಣದ ಕೇಂದ್ರ ವಿಷಯ ಖರ್ಚು. ಖರ್ಚಿನ ವಾರ್ಷಿಕ ವರದಿಯನ್ನು ಮಂಡಳಿಯ ವರದಿಗೆ ಲಗತ್ತಿಸಬೇಕು, ನಿಜ. ಆದರೆ ಅದರಿಂದ ಸಾಲ ಕೊಡುವವರಿಗೆ ತಿಳಿಯುವುದು ಕಂಪನಿ ಲಾಭದ ಒಂದು ಪಾಲನ್ನು ಎಲ್ಲಿ ಕೊಟ್ಟಿತು ಎಂಬುದಷ್ಟೆ. ಕಂಪನಿ ಆ ಲಾಭವನ್ನು ಹೇಗೆ ಗಳಿಸಿತು, ಗಳಿಸುವಾಗ ನೀರು, ಗಾಳಿ, ಕಾರ್ಮಿಕರು, ಗ್ರಾಹಕರು, ನೆರೆಹೊರೆಯವರೊಂದಿಗೆ ಹೇಗೆ ನಡೆದುಕೊಂಡಿತು ಎಂಬುದು ಬೇರೆ ಪ್ರಶ್ನೆ. ಸಾಲ ತೀರಿಸುವ ಸಾಮರ್ಥ್ಯಕ್ಕೆ ಹೆಚ್ಚು ಹತ್ತಿರದ್ದು ಈ ಎರಡನೆಯ ಪ್ರಶ್ನೆಯೇ. ಪರಿಸರ ನಿಯಮ ಮೀರಿದ ಕಾರ್ಖಾನೆಗೆ ಬೀಗ ಬಿದ್ದರೆ ಕಂತು ನಿಲ್ಲುತ್ತದೆ.

ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ಇರುವುದು ಸೆಬಿಯ ನಿಯಮಗಳು. 2012–13ರಿಂದ ಷೇರುಪೇಟೆಯ ಅತಿ ದೊಡ್ಡ 100 ನೋಂದಾಯಿತ ಕಂಪನಿಗಳು ವ್ಯವಹಾರ ಜವಾಬ್ದಾರಿ ವರದಿ ಕೊಡಬೇಕಾಯಿತು. ಮುಂದೆ ಅದು 500 ಕಂಪನಿಗಳಿಗೆ, ಆಮೇಲೆ 1000 ಕಂಪನಿಗಳಿಗೆ ವಿಸ್ತರಿಸಿತು. 2021ರ ಮೇ ತಿಂಗಳಲ್ಲಿ ಸೆಬಿ ಹೊಸ ನಮೂನೆಯನ್ನು ತಂದಿತು. ಬಿಆರ್‌ಎಸ್‌ಆರ್ ಎಂದು ಕರೆಯುವ ಈ ವ್ಯವಹಾರ ಜವಾಬ್ದಾರಿ ಮತ್ತು ಸುಸ್ಥಿರತೆ ವರದಿಯು 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮುಂದಿರುವ 1000 ಕಂಪನಿಗಳಿಗೆ ಕಡ್ಡಾಯ. ಒಂಬತ್ತು ತತ್ತ್ವಗಳಡಿ ನೀರು, ಶಕ್ತಿ, ತ್ಯಾಜ್ಯ, ಕಾರ್ಮಿಕರ ಸುರಕ್ಷತೆ, ದೂರುಗಳು ಮೊದಲಾದವನ್ನು ಅಂಕಿಗಳಲ್ಲಿ ಕೇಳುತ್ತದೆ. 2023ರಲ್ಲಿ ಸೆಬಿ ಇವುಗಳಲ್ಲಿ ಆಯ್ದ ಸೂಚಕಗಳನ್ನು ಹೊರಗಿನ ಸ್ವತಂತ್ರ ಸಂಸ್ಥೆಯಿಂದ ಪರಿಶೀಲಿಸಿಸುವ ವ್ಯವಸ್ಥೆಯನ್ನು, ದೊಡ್ಡ 150 ಕಂಪನಿಗಳಿಂದ ಆರಂಭಿಸಿ ಹಂತ ಹಂತವಾಗಿ ತರಲು ನಿರ್ಧರಿಸಿತು.

ಹಲಗೆಯ ಮೇಲೆ ಎರಡು ಕಂಬಸಾಲುಗಳ ಕೋಷ್ಟಕ ಬರೆಸಬೇಕು: ಎಡಕ್ಕೆ 'ಲಾಭವನ್ನು ಹೇಗೆ ಖರ್ಚು ಮಾಡಿತು', ಬಲಕ್ಕೆ 'ಲಾಭವನ್ನು ಹೇಗೆ ಗಳಿಸಿತು'. ಶಾಲಾ ಕಟ್ಟಡ, ಅಪಘಾತದ ಸಂಖ್ಯೆ, ಕೆರೆ ಹೂಳೆತ್ತುವಿಕೆ, ತ್ಯಾಜ್ಯ ನೀರಿನ ಪ್ರಮಾಣ, ಆರೋಗ್ಯ ಶಿಬಿರ, ಬಾಕಿ ಇರುವ ದೂರು: ಇಂಥ ಹತ್ತು ಚೀಟಿಗಳನ್ನು ವಿದ್ಯಾರ್ಥಿಗಳಿಂದ ಸರಿಯಾದ ಸಾಲಿಗೆ ಅಂಟಿಸಬೇಕು. ಹತ್ತು ನಿಮಿಷದ ಈ ಚಟುವಟಿಕೆ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಕೆಲಸ ಮಾಡಿತು.

ಮೂರನೆಯ ಅವಧಿ: ಸಾಕ್ಷ್ಯ ಏನು ಹೇಳುತ್ತದೆ?

ಸೂತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ಅದು ನಿಜವೆನ್ನಲಾಗದು. ಆದ್ದರಿಂದ ಮೂರನೆಯ ಅವಧಿಗೆ ನಾಲ್ಕು ಮಾಹಿತಿ ಕಾರ್ಡುಗಳನ್ನು ಸಿದ್ಧಪಡಿಸಿದ್ದೆವು. ಪ್ರತಿ ಕಾರ್ಡನ್ನು ಒಂದು ಗುಂಪು ಓದಿ, 'ಇದು ನಮ್ಮ ಸೂತ್ರದ ಯಾವ ಪಾಲಿಗೆ ಸಂಬಂಧಿಸಿದ್ದು?' ಎಂದು ತರಗತಿಗೆ ಹೇಳಬೇಕು.

ಮೊದಲ ಕಾರ್ಡು ಬ್ಯಾಂಕ್ ಸಾಲದ್ದು. ಗಾಸ್ ಮತ್ತು ರಾಬರ್ಟ್ಸ್ ಎಂಬ ಸಂಶೋಧಕರು ಅಮೆರಿಕದ ಕಂಪನಿಗಳಿಗೆ ಕೊಟ್ಟ 3,996 ಸಾಲಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸಾಮಾಜಿಕ ಹೊಣೆಗಾರಿಕೆಯ ವಿಷಯದಲ್ಲಿ ಆಕ್ಷೇಪಗಳಿದ್ದ ಕಂಪನಿಗಳು ಇತರರಿಗಿಂತ 7ರಿಂದ 18 ಬೇಸಿಸ್ ಪಾಯಿಂಟ್ ಹೆಚ್ಚು ಬಡ್ಡಿ ಕೊಡುತ್ತಿದ್ದವು. ನೂರು ಬೇಸಿಸ್ ಪಾಯಿಂಟ್ ಎಂದರೆ ಶೇ. 1. ಹಾಗಾದರೆ ₹100 ಕೋಟಿ ಸಾಲದ ಮೇಲೆ 18 ಬೇಸಿಸ್ ಪಾಯಿಂಟ್ ಎಂದರೆ ಎಷ್ಟು? ವಿದ್ಯಾರ್ಥಿಗಳು ಲೆಕ್ಕ ಮಾಡಿದರು: ವರ್ಷಕ್ಕೆ ₹18 ಲಕ್ಷ.

ಈಗ ಹಲಗೆಯ ಮೂಲೆಯ ₹1 ಕೋಟಿಗೆ ಬರಬೇಕು. ₹100 ಕೋಟಿ ಸಾಲವಿರುವ ಕಂಪನಿ ₹18 ಲಕ್ಷ ಬಡ್ಡಿ ಉಳಿಸಲು ₹1 ಕೋಟಿ ದಾನ ಮಾಡುತ್ತದೆಯೆ? ಮಾಡುವುದಿಲ್ಲ. ಬಡ್ಡಿಯ ಉಳಿತಾಯದಿಂದಲೇ ಆ ಖರ್ಚು ಸರಿದೂಗಬೇಕಾದರೆ ಸಾಲ ಸುಮಾರು ₹556 ಕೋಟಿ ಇರಬೇಕು. ಅದೂ ದಾನದಿಂದ ಬಡ್ಡಿ ತಗ್ಗುತ್ತದೆ ಎಂದು ಒಪ್ಪಿಕೊಂಡರೆ ಮಾತ್ರ. ಅದೇ ಅಧ್ಯಯನ ಹೇಳುವುದೇ ಬೇರೆ: ಗುಣಮಟ್ಟದ ಸಾಲಗಾರರು ಸ್ವಇಚ್ಛೆಯಿಂದ ಮಾಡುವ ಸಾಮಾಜಿಕ ಖರ್ಚಿನ ಬಗ್ಗೆ ಬ್ಯಾಂಕುಗಳು ಉದಾಸೀನವಾಗಿದ್ದವು. ದುರ್ಬಲ ಸಾಲಗಾರರು ಅಂಥ ಖರ್ಚು ಮಾಡಿದರೆ ಅವರಿಗೆ ಹೆಚ್ಚು ಬಡ್ಡಿ, ಕಡಿಮೆ ಅವಧಿಯ ಸಾಲ ಸಿಗುತ್ತಿತ್ತು. ಅನ್ನದಾನದ ಪ್ರಶ್ನೆಗೆ ನಕ್ಕ ವಿದ್ಯಾರ್ಥಿಗಳಿಗೆ ಇದು ಕೂಡಲೇ ಅರ್ಥವಾಯಿತು. "ಕಂತು ಬಾಕಿ ಇಟ್ಕೊಂಡು ಅನ್ನದಾನ ಮಾಡಿದ್ರೆ ಬ್ಯಾಂಕಿನವರು ಬಯ್ತಾರೆ" ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು.

ಎರಡನೆಯ ಕಾರ್ಡು ಷೇರು ಬಂಡವಾಳದ್ದು. ಧಾಲಿವಾಲ್ ಮತ್ತು ಸಹಸಂಶೋಧಕರು 2011ರಲ್ಲೇ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಂಗತಿಗಳಿವೆ. ಹಿಂದಿನ ವರ್ಷ ಷೇರು ಬಂಡವಾಳದ ವೆಚ್ಚ ಹೆಚ್ಚಿದ್ದ ಕಂಪನಿಗಳು ಹೊಸದಾಗಿ ಸಿಎಸ್‌ಆರ್ ವರದಿ ಹೊರಡಿಸುವ ಸಾಧ್ಯತೆ ಹೆಚ್ಚು. ವರದಿ ಆರಂಭಿಸಿದವರಲ್ಲಿ, ಹೊಣೆಗಾರಿಕೆಯ ನಿರ್ವಹಣೆಯಲ್ಲೂ ಮುಂದಿದ್ದವರಿಗೆ ಆ ವೆಚ್ಚ ನಂತರ ತಗ್ಗಿತು. ಇಲ್ಲಿ ಕಾರಣ ಮತ್ತು ಪರಿಣಾಮದ ಚರ್ಚೆಗೆ ಒಳ್ಳೆಯ ಅವಕಾಶವಿದೆ. ವರದಿಯಿಂದ ವೆಚ್ಚ ತಗ್ಗುತ್ತದೆಯೋ, ವೆಚ್ಚ ಹೆಚ್ಚಾದುದರಿಂದ ವರದಿ ಹುಟ್ಟುತ್ತದೆಯೋ? ಎರಡೂ ಆಗಬಹುದು. ಇನ್ನೊಂದು ಸಾಧ್ಯತೆಯನ್ನೂ ವಿದ್ಯಾರ್ಥಿಗಳಿಂದ ಹೊರತರಬೇಕು: ಮೊದಲಿನಿಂದಲೂ ಲಾಭದಲ್ಲಿರುವ ಕಂಪನಿಗೆ ಚೆಂದದ ವರದಿ ಬರೆಸಲು ಹಣವೂ ಇರುತ್ತದೆ, ಕಡಿಮೆ ಬಡ್ಡಿಗೆ ಸಾಲವೂ ಸಿಗುತ್ತದೆ. ಎರಡೂ ಒಟ್ಟಿಗೆ ಕಂಡವೆಂದು ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಮೂರನೆಯ ಕಾರ್ಡು ನಮ್ಮ ದೇಶದ್ದು. ಮಂಚಿರಾಜು ಮತ್ತು ರಾಜಗೋಪಾಲ್ ಅವರ 2017ರ ಅಧ್ಯಯನದಂತೆ, 135ನೇ ಪ್ರಕರಣದಿಂದ ಖರ್ಚು ಮಾಡಲೇಬೇಕಾಗಿ ಬಂದ ಕಂಪನಿಗಳ ಷೇರು ಬೆಲೆ ಸರಾಸರಿ ಶೇ. 4.1ರಷ್ಟು ಇಳಿಯಿತು. ಷೇರು ಬೆಲೆ ಇಳಿದರೆ ಅಷ್ಟೇ ಹಣ ಎತ್ತಲು ಕಂಪನಿ ಹೆಚ್ಚು ಷೇರು ನೀಡಬೇಕಾಗುತ್ತದೆ. ಅಂದರೆ ಕಾನೂನು ಹೇರಿದ ಖರ್ಚನ್ನು ಹೂಡಿಕೆದಾರರು ಹೊರೆಯೆಂದೇ ಕಂಡರು. ಇದರಿಂದ ಕಾನೂನು ತಪ್ಪು ಎಂದು ಸಾಧಿಸಿದಂತಾಗುವುದಿಲ್ಲ. ಕಾನೂನಿನ ಉದ್ದೇಶ ಸಮಾಜಕ್ಕೆ ಹಣ ತಲುಪಿಸುವುದು, ಕಂಪನಿಗೆ ಅಗ್ಗದ ಬಂಡವಾಳ ಕೊಡಿಸುವುದಲ್ಲ. ಎಲ್ಲ ಒಳ್ಳೆಯ ಕೆಲಸಕ್ಕೂ ಲಾಭದ ಸಮರ್ಥನೆ ಬೇಕಿಲ್ಲ ಎಂಬುದನ್ನು ವಾಣಿಜ್ಯದ ತರಗತಿಯಲ್ಲೂ ಹೇಳಬೇಕು.

ನಾಲ್ಕನೆಯ ಕಾರ್ಡು ಮಾತಿಗೆ ಬೆಲೆ ಕಟ್ಟಿದ ಸಾಲಪತ್ರಗಳದ್ದು. 2019ರ ಸೆಪ್ಟೆಂಬರ್‌ನಲ್ಲಿ ಇಟಲಿಯ ವಿದ್ಯುತ್ ಕಂಪನಿ ಎನೆಲ್, 150 ಕೋಟಿ ಡಾಲರ್‌ಗಳ ಬಾಂಡನ್ನು ಶೇ. 2.65ರ ಬಡ್ಡಿಗೆ ಹೊರಡಿಸಿತು. ತನ್ನ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು 2021ರ ಅಂತ್ಯಕ್ಕೆ ಶೇ. 55 ಮುಟ್ಟದಿದ್ದರೆ ಬಡ್ಡಿ 25 ಬೇಸಿಸ್ ಪಾಯಿಂಟ್ ಏರುತ್ತದೆ ಎಂಬುದು ಷರತ್ತು. ವರ್ಷಕ್ಕೆ 37.5 ಲಕ್ಷ ಡಾಲರ್ ಹೆಚ್ಚುವರಿ ಹೊರೆ ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಿದರು. ಆ ಗುರಿಯನ್ನು ಕಂಪನಿ ಮುಟ್ಟಿತು. ಆದರೆ ನಂತರದ ಬೇರೆ ಬಾಂಡುಗಳಲ್ಲಿ 2023ಕ್ಕೆ ಇಟ್ಟುಕೊಂಡಿದ್ದ ಇಂಗಾಲ ಹೊರಸೂಸುವಿಕೆಯ ಗುರಿ ತಪ್ಪಿತು, ಬಡ್ಡಿ ಏರಿತು. ನಮ್ಮಲ್ಲಿ ಅಲ್ಟ್ರಾಟೆಕ್ ಸಿಮೆಂಟ್ 2021ರ ಫೆಬ್ರವರಿಯಲ್ಲಿ ಇದೇ ಬಗೆಯ 40 ಕೋಟಿ ಡಾಲರ್‌ಗಳ ಬಾಂಡು ಹೊರಡಿಸಿತು. 2017ರ ಮಟ್ಟಕ್ಕೆ ಹೋಲಿಸಿದರೆ 2030ರ ವೇಳೆಗೆ ಹೊರಸೂಸುವಿಕೆಯನ್ನು ಶೇ. 22.2 ತಗ್ಗಿಸುವುದು ಅದರ ಗುರಿ. ಕಲಬುರಗಿ ಜಿಲ್ಲೆಯ ಮಳಖೇಡದ ಸಿಮೆಂಟ್ ಕಾರ್ಖಾನೆ ಇದೇ ಕಂಪನಿಯದು ಎಂದು ತಿಳಿಸಿದರೆ ವಿದ್ಯಾರ್ಥಿಗಳಿಗೆ ವಿಷಯ ಹತ್ತಿರವಾಗುತ್ತದೆ.

ಪರಿಶೀಲನೆ ಇಲ್ಲದ ಮಾಹಿತಿಯ ಅಪಾಯಕ್ಕೆ ಒಂದು ಉದಾಹರಣೆ ಸಾಕು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 2015ರ ಸೆಪ್ಟೆಂಬರ್‌ನಲ್ಲಿ ಡೌ ಜೋನ್ಸ್ ಸುಸ್ಥಿರತೆ ಸೂಚ್ಯಂಕದಲ್ಲಿ ವಾಹನ ಉದ್ಯಮದ ಅಗ್ರಸ್ಥಾನ ಪಡೆಯಿತು. ಅದೇ ತಿಂಗಳ 18ರಂದು, ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವನ್ನು ಅದು ಡೀಸೆಲ್ ಕಾರುಗಳಲ್ಲಿ ಅಳವಡಿಸಿತ್ತು ಎಂದು ಅಮೆರಿಕದ ಪರಿಸರ ಸಂಸ್ಥೆ ಪ್ರಕಟಿಸಿತು. ಅಕ್ಟೋಬರ್‌ನಲ್ಲಿ ಕಂಪನಿಯನ್ನು ಸೂಚ್ಯಂಕದಿಂದ ತೆಗೆಯಲಾಯಿತು, ಅದರ ಸಾಲದರ್ಜೆಯೂ ಇಳಿಯಿತು.

ಹಳ್ಳದ ನೀರಿನ ಪ್ರಶ್ನೆ

ಮೂರನೆಯ ಅವಧಿಯ ಕೊನೆಗೆ ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆಯೊಂದು ಬಂತು. ಆ ಕಾಲೇಜಿನ ಬೆಂಚುಗಳನ್ನು ಸಮೀಪದ ಕಾರ್ಖಾನೆಯೊಂದು ಕೊಡಿಸಿದೆ. ಪ್ರತಿ ಬೆಂಚಿನ ಹಿಂಬದಿಯಲ್ಲೂ ಅದರ ಹೆಸರು ಇದೆ. ಕಾರ್ಖಾನೆಯ ಕೆಳಗಿನ ಹಳ್ಳಿಯ ಹುಡುಗ ಎದ್ದು ನಿಂತು, "ಮಿಸ್, ಬೆಂಚು ಕೊಟ್ಟಿದ್ದು ಎಡಗಡೆ ಸಾಲಲ್ಲಿ ಬರುತ್ತೆ. ನಮ್ಮ ಹಳ್ಳದ ನೀರು ವಾಸನೆ ಬರೋದು ಬಲಗಡೆ ಸಾಲಲ್ಲಿ ಬರುತ್ತಾ?" ಎಂದು ಕೇಳಿದ. ತರಗತಿ ಸ್ತಬ್ಧವಾಯಿತು. ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳೂ ಅಲ್ಲೇ ಕುಳಿತಿದ್ದರು.

ಇಂಥ ಕ್ಷಣದಲ್ಲಿ ಶಿಕ್ಷಕರಿಗೆ ಎರಡು ಸುಲಭದ ದಾರಿಗಳಿವೆ. 'ಅದು ಪಠ್ಯಕ್ಕೆ ಸಂಬಂಧಿಸಿದ್ದಲ್ಲ' ಎಂದು ಕೂರಿಸುವುದು ಒಂದು. ಹುಡುಗನ ಪರವಾಗಿ ನಿಂತು ಕಾರ್ಖಾನೆಯನ್ನು ದೂರುವುದು ಇನ್ನೊಂದು. ಮೊದಲನೆಯದು ಮೂರು ದಿನದ ಪಾಠವನ್ನು ಸುಳ್ಳು ಮಾಡುತ್ತದೆ. ಎರಡನೆಯದು ಪರಿಶೀಲಿಸದ ಮಾಹಿತಿಯನ್ನು ನಂಬಬೇಡಿ ಎಂದು ಕಲಿಸಿದವರೇ ಪರಿಶೀಲಿಸದೆ ತೀರ್ಪು ಕೊಟ್ಟಂತೆ.

ಪ್ರಶಿಕ್ಷಣಾರ್ಥಿ ಎರಡನ್ನೂ ಮಾಡಲಿಲ್ಲ. "ನೀನು ಸಾಲ ಸಮಿತಿಯಲ್ಲಿ ಇದ್ದೀಯ ಅಂತ ಇಟ್ಕೋ. ಈ ವಿಷಯ ತಿಳ್ಕೊಳ್ಳೋಕೆ ಯಾವ ಮೂರು ದಾಖಲೆ ಕೇಳ್ತೀಯ?" ಎಂದು ಕೇಳಿದರು. ಉತ್ತರಗಳು ಇಡೀ ತರಗತಿಯಿಂದ ಬಂದವು: ಎಷ್ಟು ನೀರು ಹೊರಬಿಡುತ್ತಾರೆ, ಶುದ್ಧೀಕರಿಸಿ ಬಿಡುತ್ತಾರೋ ಇಲ್ಲವೋ ಎಂಬ ಅಂಕಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಮತ್ತು ನೋಟಿಸುಗಳು, ಊರವರು ಕೊಟ್ಟ ದೂರುಗಳು ಏನಾದವು ಎಂಬ ವಿವರ. ಮೂರನೆಯದನ್ನು ಸೂಚಿಸಿದವಳು ಕಾರ್ಖಾನೆಯ ಕಾರ್ಮಿಕರೊಬ್ಬರ ಮಗಳು.

ಈ ಮೂರೂ ಬಿಆರ್‌ಎಸ್‌ಆರ್ ನಮೂನೆ ಕೇಳುವ ಸಂಗತಿಗಳಿಗೆ ಬಹಳ ಹತ್ತಿರ. ಹೊರಬಿಡುವ ನೀರಿನ ಪ್ರಮಾಣ, ಶುದ್ಧೀಕರಣದ ಮಟ್ಟ, ಸ್ಥಳೀಯ ಸಮುದಾಯದ ದೂರುಗಳ ಸಂಖ್ಯೆ ಅದರಲ್ಲಿವೆ. ಆದರೆ ಆ ನಮೂನೆ ಕಡ್ಡಾಯವಾಗಿರುವುದು 1000 ದೊಡ್ಡ ನೋಂದಾಯಿತ ಕಂಪನಿಗಳಿಗೆ. ನಮ್ಮ ತಾಲ್ಲೂಕುಗಳಲ್ಲಿರುವ ಬಹುತೇಕ ಕಾರ್ಖಾನೆಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಅಂಥ ಕಾರ್ಖಾನೆಯು ₹5 ಕೋಟಿ ಲಾಭ ಮಾಡಿದ್ದರೆ ಬೆಂಚು ಕೊಟ್ಟ ಲೆಕ್ಕವನ್ನು ಕಾನೂನಿನಂತೆ ತೋರಿಸಬೇಕು. ಹಳ್ಳದ ನೀರಿನ ಲೆಕ್ಕವನ್ನು ಆ ನಮೂನೆಯಲ್ಲಿ ಸಾರ್ವಜನಿಕರಿಗೆ ತೋರಿಸಬೇಕಾಗಿಲ್ಲ. ಎಡಗಡೆಯ ಸಾಲು ತುಂಬಿ ಬಲಗಡೆಯ ಸಾಲು ಖಾಲಿ ಉಳಿಯುವುದು ಹೀಗೆ. ಈ ಮಾತನ್ನು ತರಗತಿಯಲ್ಲಿ ಯಾರ ಹೆಸರನ್ನೂ ಎತ್ತದೆ ಹೇಳಲು ಸಾಧ್ಯವಾಯಿತು. ಹುಡುಗನ ಪ್ರಶ್ನೆಗೆ ಗೌರವ ಸಿಕ್ಕಿತು, ಉಳಿದ ಮಕ್ಕಳಿಗೂ ಇರಿಸುಮುರಿಸಾಗಲಿಲ್ಲ.

ಮೌಲ್ಯಮಾಪನ

ಮರುದಿನ ಒಂದೇ ಪ್ರಶ್ನೆಯ ಕಿರುಪರೀಕ್ಷೆ ಕೊಡಲಾಯಿತು: 'ಸಿಎಸ್‌ಆರ್ ವರದಿ ಪ್ರಕಟಿಸುವ ಕಂಪನಿಗೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ. ಈ ಹೇಳಿಕೆಯನ್ನು ಪರೀಕ್ಷಿಸಿ.' ಉತ್ತರಗಳು ಮೂರು ಹಂತಗಳಲ್ಲಿ ಬಂದವು. ಹೇಳಿಕೆಯನ್ನು ಬೇರೆ ಮಾತುಗಳಲ್ಲಿ ಪುನರುಚ್ಚರಿಸಿದವರು ಮೊದಲ ಹಂತ. ಮಾಹಿತಿಯಿಂದ ಅಪಾಯ ತಿಳಿಯುತ್ತದೆ, ಆದ್ದರಿಂದ ಬಡ್ಡಿ ತಗ್ಗಬಹುದು ಎಂದು ಬರೆದವರು ಎರಡನೆಯ ಹಂತ. ಯಾವ ಮಾಹಿತಿ, ಅದನ್ನು ಯಾರು ಪರಿಶೀಲಿಸಿದರು, ಮೊದಲಿನಿಂದಲೇ ಕಂಪನಿ ಲಾಭದಲ್ಲಿತ್ತೆ ಎಂದು ಮರುಪ್ರಶ್ನೆ ಹಾಕಿದವರು ಮೂರನೆಯ ಹಂತ. ಅಂಕ ಕೊಡುವಾಗ ಮೂರನೆಯ ಹಂತದ ಉತ್ತರ ಚಿಕ್ಕದಾಗಿದ್ದರೂ ಪೂರ್ಣ ಅಂಕ ಕೊಡಬೇಕೆಂದು ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಉದ್ದದ ಪುನರುಚ್ಚಾರಕ್ಕೆ ಹೆಚ್ಚು ಅಂಕ ಹೋಗುತ್ತದೆ.

ಈ ಪಾಠ ಮಾಡುವವರಿಗೆ ಸೂಚನೆಗಳು

ಒಂದು, ಕಾಲ್ಪನಿಕ ಕಡತಗಳಿಗೆ ನಿಜವಾದ ಕಂಪನಿಯ ಹೆಸರನ್ನಾಗಲಿ ಅದನ್ನು ಹೋಲುವ ಹೆಸರನ್ನಾಗಲಿ ಇಡಬಾರದು.

ಎರಡು, ಅಧ್ಯಯನಗಳ ಅಂಕಿಗಳನ್ನು ಹೇಳುವಾಗ ಅವು ಯಾವ ದೇಶದ್ದು, ಯಾವ ವರ್ಷದ್ದು ಎಂಬುದನ್ನು ಹಲಗೆಯ ಮೇಲೆ ಬರೆಯಬೇಕು. ಅಮೆರಿಕದ ಬ್ಯಾಂಕ್ ಸಾಲದ 18 ಬೇಸಿಸ್ ಪಾಯಿಂಟನ್ನು ಭಾರತದ ನಿಯಮವೆಂದು ವಿದ್ಯಾರ್ಥಿ ಬರೆದುಕೊಳ್ಳಬಾರದು.

ಮೂರು, ಹತ್ತನೇ ತರಗತಿಯ ಸಮಾಜ ವಿಜ್ಞಾನದ ವ್ಯವಹಾರ ಅಧ್ಯಯನ ವಿಭಾಗಕ್ಕೆ ಮೊದಲ ಅವಧಿಯೊಂದೇ ಸಾಕು. ಸಂಘದ ಪುಸ್ತಕ ಮತ್ತು ಎರಡು ಕಡತಗಳ ಚಟುವಟಿಕೆ ಅಲ್ಲಿಯೂ ನಡೆಯುತ್ತದೆ.

ನಾಲ್ಕು, ದೊಡ್ಡ ಕಂಪನಿಗಳ ಬಿಆರ್‌ಎಸ್‌ಆರ್ ವರದಿಗಳು ಅವುಗಳ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಗೃಹಪಾಠವಾಗಿ ಪ್ರತಿ ಗುಂಪಿಗೂ ಒಂದು ವರದಿಯ ನೀರಿನ ಕೋಷ್ಟಕವನ್ನು ಮಾತ್ರ ಮುದ್ರಿಸಿ ಕೊಟ್ಟು, ಹಿಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಿ ಎರಡು ಪ್ರಶ್ನೆ ಬರೆದು ತರಲು ಹೇಳಿ. ಉತ್ತರ ಬೇಡ, ಪ್ರಶ್ನೆ ಸಾಕು. ವಿದ್ಯಾರ್ಥಿಗಳು ತರುವ ಪ್ರಶ್ನೆಗಳನ್ನು ನೋಡಿದರೆ ಪಾಠ ಎಷ್ಟರಮಟ್ಟಿಗೆ ತಲುಪಿದೆ ಎಂಬುದು ನಿಮಗೇ ತಿಳಿಯುತ್ತದೆ.